ಜಯನಗರದ ಒಲೆಗೆ ಅಮೆರಿಕದ ಅನಿಲ

ಲಾಲ್‌ಬಾಗಿನ ಬಂಡೆಯನ್ನೇರಿದವರಿಗೆಲ್ಲ ಬೆಂಗಳೂರಿನ ತಳಪಾಯ ಎಂಥದೆಂಬುದು ಗೊತ್ತು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಗಟ್ಟಿ ಶಿಲೆಯೇ ಜಯನಗರ, ಬನಶಂಕರಿಗಳ ಕೆಳಗೂ ಹಬ್ಬಿದೆ. ಅದರಲ್ಲಿ ಅನಿಲವಿಲ್ಲ, ಎಣ್ಣೆಯಿಲ್ಲ. ನೀರು ಕೂಡ ಬಿರುಕುಗಳಲ್ಲಿ ಸಿಕ್ಕಷ್ಟೇ. ಆದುದರಿಂದ ಶೇಲ್ ಅನಿಲದ ವಿವಾದ ಪರದೇಶದವರದು, ಅದರ ಗೊಡವೆ ನಮಗೇಕೆ ಎಂದು ಇಲ್ಲಿನ ಗೃಹಸ್ಥರು ಭಾವಿಸಿದರೆ ಆಶ್ಚರ್ಯವಿಲ್ಲ.

ಆದರೆ 2018ರ ಮಾರ್ಚ್ 30ರಂದು ರತ್ನಾಗಿರಿ ಜಿಲ್ಲೆಯ ದಾಭೋಲ್ ಬಂದರಿಗೆ ‘ಮೆರಿಡಿಯನ್ ಸ್ಪಿರಿಟ್’ ಎಂಬ ಹಡಗು ಬಂದು ನಿಂತಿತು. ಅಮೆರಿಕದ ಲೂಸಿಯಾನಾ ಪ್ರಾಂತದಲ್ಲಿ, ಸೊನ್ನೆಗಿಂತ 160 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿದ ಅನಿಲ ಅದರ ಒಡಲಲ್ಲಿತ್ತು. ಇಪ್ಪತ್ತು ವರ್ಷ, ವರ್ಷಕ್ಕೆ 35 ಲಕ್ಷ ಟನ್ನಿನಂತೆ ಕೊಳ್ಳಲು ಗೇಲ್ ಸಂಸ್ಥೆ 2011ರಲ್ಲಿಯೇ ಕರಾರು ಮಾಡಿಕೊಂಡಿತ್ತು. ಅಮೆರಿಕದ ಅನಿಲದಲ್ಲಿ ಬಹುಪಾಲು ಶೇಲ್ ಪದರಗಳಿಂದ ತೆಗೆದದ್ದು. ದಾಭೋಲಿನಿಂದ ಬೆಂಗಳೂರಿಗೆ ಕೊಳವೆಮಾರ್ಗ 2013ರಲ್ಲಿಯೇ ಸಿದ್ಧವಾಗಿತ್ತು. ಈಗ ನಗರದ ಯಾವ ಒಲೆಯಲ್ಲಿ ಯಾವ ದೇಶದ ಅನಿಲ ಉರಿಯುತ್ತಿದೆಯೆಂದು ಬೇರ್ಪಡಿಸಿ ಹೇಳಲು ಬ್ರಹ್ಮನಿಗೂ ಸಾಧ್ಯವಾಗದು!

ಶೇಲ್ ಎಂದರೆ ಜೇಡಿಮಣ್ಣು ಗಟ್ಟಿಗೊಂಡಾದ ಪದರುಗಲ್ಲು. ಅನಿಲ ಅದರೊಳಗೆ ಸೆರೆಯಾಗಿರುತ್ತದೆ. ಒಂದೆರಡು ಕಿಲೋಮೀಟರು ನೇರವಾಗಿ ಕೊರೆದು, ಬಳಿಕ ಅಡ್ಡಲಾಗಿ ತಿರುಗಿ, ಮರಳನ್ನೂ ರಾಸಾಯನಿಕಗಳನ್ನೂ ಬೆರೆಸಿದ ನೀರನ್ನು ಮಹಾ ಒತ್ತಡದಿಂದ ನುಗ್ಗಿಸಿ ಕಲ್ಲನ್ನು ಸೀಳಬೇಕು. ಒಂದೊಂದು ಬಾವಿಗೂ ಕೋಟಿಗಟ್ಟಲೆ ಲೀಟರು ನೀರು ವೆಚ್ಚವಾಗುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿಗರಿಗೆ ಈ ಲೆಕ್ಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆನ್ಸಿಲ್ವೇನಿಯಾದ ಡಿಮಾಕ್ ಎಂಬ ಹಳ್ಳಿಯಲ್ಲಿ 2009ರ ಹೊಸವರ್ಷದ ದಿನ ಮನೆಯೊಂದರ ಕುಡಿಯುವ ನೀರಿನ ಬಾವಿ ಸಿಡಿಯಿತು. ನೀರಿನೊಳಕ್ಕೆ ಮೀಥೇನ್ ಸೇರಿತ್ತು. ಆದರೂ ಊರೆಲ್ಲ ಒಂದಾಗಿ ಕಂಪನಿಯ ಮೇಲೆ ತಿರುಗಿಬೀಳಲಿಲ್ಲ. ಜಮೀನಿನ ಗುತ್ತಿಗೆಯಿಂದ ಹಣ ಕಂಡವರೂ ಅಲ್ಲಿದ್ದರು. ನೆರೆಮನೆಯವರಲ್ಲೇ ಒಡಕು ಮೂಡಿತು. ಊರಿಗೆ ಸಾರ್ವಜನಿಕ ನೀರಿನ ವ್ಯವಸ್ಥೆ ಮಾಡಿಸಲು ಹಣ ಕೊಡುವುದಾಗಿ ಕಂಪನಿ ನ್ಯಾಯಾಲಯದಲ್ಲಿ ಒಪ್ಪಿದ್ದು 2022ರಲ್ಲಿ. ಫ್ರಾನ್ಸ್ ದೇಶ 2011ರಲ್ಲಿಯೇ ಈ ಶಿಲಾಭೇದನವನ್ನು ನಿಷೇಧಿಸಿತ್ತು.

ನಮ್ಮ ನೆರೆಯಲ್ಲಿಯೂ ಇಂಥ ಅಳುಕು ಇಲ್ಲದಿಲ್ಲ. ಕಾವೇರಿಯ ಮುಖಜಭೂಮಿಯ ರೈತರು ಮೀಥೇನ್ ಯೋಜನೆಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2020ರಲ್ಲಿ ತಮಿಳುನಾಡು ಅಲ್ಲಿ ಶೇಲ್ ಅನಿಲದ ಹೊಸ ಶೋಧನೆಯನ್ನು ಹೆಸರು ಹಿಡಿದೇ ನಿಷೇಧಿಸುವ ಕಾಯಿದೆ ತಂದಿತು. ಅದೇ ಕಾವೇರಿಯ ನೀರನ್ನು ನಲ್ಲಿಯಲ್ಲಿ ಹಿಡಿಯುವ ಬನಶಂಕರಿಯಲ್ಲಿ ಮಾತ್ರ ಅನಿಲದ ವಿಚಾರವೆಂದರೆ ಬೇರೆಯೇ ಚಿಂತೆ. ಸಿಲಿಂಡರು ಹಬ್ಬದ ದಿನವೇ ಮುಗಿಯುವ ಕಷ್ಟ ತಪ್ಪೀತೆಂದು ಗೃಹಿಣಿಯರಿಗೆ ಸಮಾಧಾನ. ಕೊಳವೆ ಸೋರಿದರೆ ಗತಿಯೇನೆಂದು ವೃದ್ಧರಿಗೆ ಭಯ. ಕೊಳವೆಯ ಅನಿಲ ಗಾಳಿಗಿಂತ ಹಗುರ. ಸಿಲಿಂಡರಿನದು ನೆಲದ ಮಟ್ಟದಲ್ಲಿ ಮಡುಗಟ್ಟುವಂತೆ ಇದು ಮಡುಗಟ್ಟದೆ, ಕಿಟಕಿ ತೆರೆದರೆ ಬೇಗನೆ ಹೊರಹೋಗುತ್ತದೆ. ಸ್ವತಃ ಇದಕ್ಕೆ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ದುರ್ಗಂಧವನ್ನು ಬೆರೆಸಿರುತ್ತಾರೆ. ಇನ್ನು ಕೊಳವೆಗಾಗಿ ಅಗೆದ ರಸ್ತೆಗೆ ಡಾಂಬರು ಬೀಳುವುದು ಯಾವಾಗ ಎಂಬುದಕ್ಕೆ ಭೂಗರ್ಭಶಾಸ್ತ್ರಜ್ಞರಲ್ಲಿಯೂ ಉತ್ತರವಿಲ್ಲ.