ಮಡಕೆಯ ಕಪ್ಪು, ಮಡಕೆಯ ಕೆಂಪು

ತ್ಯಾವಣಿಗೆಯಂಥ ಊರಿನಲ್ಲಿ ಹರವಿಯ ತಣ್ಣೀರು ಕುಡಿದು ಬೆಳೆದವರಿಗೆ ಮಡಕೆಯ ವಿಷಯವಾಗಿ ಹೇಳತಕ್ಕದ್ದೇನಿದೆಯೆಂದು ವಾಚಕರು ಕೇಳಬಹುದು. ನೀರಿಗೆ ಹರವಿ, ಕಾಳಿಗೆ ಗುಡಾಣ, ತುಪ್ಪಕ್ಕೆ ಕುಡಿಕೆ; ಕೆಲಸಕ್ಕೆ ತಕ್ಕ ಆಕಾರ. ಪ್ರಾಚೀನ ಗ್ರೀಕರಲ್ಲಿಯೂ ಇದೇ ಪದ್ಧತಿಯಿದ್ದಿತು. ಅವರ ನೀರಿನ ಕೊಡವಾದ ಹೈಡ್ರಿಯಾಕ್ಕೆ ಮೂರು ಹಿಡಿಗಳು. ಎರಡು ಎತ್ತುವುದಕ್ಕೆ, ಹಿಂದಿನದೊಂದು ಬಗ್ಗಿಸುವುದಕ್ಕೆ. ಕೊಡವನ್ನು ಸೊಂಟಕ್ಕೇರಿಸುವ ನಮ್ಮ ಹೆಂಗಸರಿಗೆ ಹಿಡಿಯ ಗೊಡವೆಯೇ ಬೇಕಾಗಲಿಲ್ಲ!

ಗ್ರೀಕ್ ಮಡಕೆಗಳ ಕಪ್ಪು ಕೆಂಪು ಚಿತ್ರಗಳು ಲೋಕಪ್ರಸಿದ್ಧವಾದುವು. ಆದರೆ ಆ ಎರಡು ಬಣ್ಣಗಳ ಮರ್ಮವನ್ನು ನಮ್ಮ ಕುಂಬಾರರೂ ಬಲ್ಲವರಾಗಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ, ಹಾಸುಗಲ್ಲಿನ ಗೋರಿಗಳಲ್ಲಿ ಒಳಮೈಯೂ ಬಾಯಂಚೂ ಕಪ್ಪಾಗಿ, ಹೊರಗೆ ಬುಡವು ಕೆಂಪಾಗಿರುವ ಪಾತ್ರೆಗಳು ದೊರೆತವು. ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಭಾಗವು ಕಪ್ಪಾಗಿಯೂ ಗಾಳಿ ತಾಗಿದ ಭಾಗವು ಕೆಂಪಾಗಿಯೂ ಪರಿಣಮಿಸುವುದೆಂದು ವಿದ್ವಾಂಸರು ವಿವರಿಸಿರುವರು. ಅಥೆನ್ಸಿನ ಕುಂಬಾರರೂ ಆವಿಗೆಗೆ ಗಾಳಿಯನ್ನು ಬಿಟ್ಟು, ತಡೆದು, ಪುನಃ ಬಿಟ್ಟು ತಮ್ಮ ಬಣ್ಣಗಳನ್ನು ಪಡೆಯುತ್ತಿದ್ದರು.

ಅವರು ಸತ್ತವರ ಬಳಿ ಬಿಳಿಮೈಯ ಎಣ್ಣೆಗಿಂಡಿಯನ್ನಿಡುತ್ತಿದ್ದರು. ನಮ್ಮವರು ಬಟ್ಟಲು ಗಡಿಗೆಗಳನ್ನು. ಹೊಲದಲ್ಲಿ ಇಂಥ ಬೋಕಿ ಕಂಡೊಡನೆ ನಿಕ್ಷೇಪದಾಸೆಯಿಂದ ಅಗೆದು ಒಡೆಯುವವರುಂಟು. ಹೊನ್ನು ಸಿಕ್ಕುವುದಿಲ್ಲ, ಯಾರದೋ ತಾಯಿಗೆಂದು ಮಕ್ಕಳು ಕಡೆಯ ಸಾರಿ ಇಟ್ಟ ಬಟ್ಟಲು ಚೂರಾಗುತ್ತದೆ.