ಎರಡು ಸೊನ್ನೆಗೆ ಜಾಗವಿಲ್ಲ!

ಒಂಬತ್ತು ಮನೆಗಳ ಚೌಕ ಬರೆಯಿರಿ. ಮೊದಲ ಸಾಲಿಗೆ 15, 20, 0. ಎರಡನೆಯದಕ್ಕೆ –12, 9, 20. ಮೂರನೆಯದಕ್ಕೆ 16, –12, 15. ಈಗ ಯಾವುದೇ ಎರಡು ಸಾಲುಗಳನ್ನು ಮನೆಗೆ ಮನೆ ಗುಣಿಸಿ ಕೂಡಿ: ಸೊನ್ನೆ! ಒಂದೊಂದೇ ಸಾಲಿನ ವರ್ಗಗಳನ್ನು ಕೂಡಿ: 625! ಅಡ್ಡಸಾಲಿಗೂ ಅದೇ, ಕಂಬಸಾಲಿಗೂ ಅದೇ. ಎಲ್ಲವನ್ನೂ 25ರಿಂದ ಭಾಗಿಸಿದರೆ ಭಾಗಲಬ್ಧ ಸಂಖ್ಯೆಗಳ ಲಂಬ ಮಾತೃಕೆ ಸಿದ್ಧ. ಪ್ರತಿ ಸಾಲಿನ ಉದ್ದವೂ 1, ಸಾಲುಗಳೆಲ್ಲ ಒಂದಕ್ಕೊಂದು ಲಂಬ.

ಅಲ್ಲೊಂದು ಸೊನ್ನೆ ಕೂತಿದೆ, ಕಂಡಿರಾ? ಇನ್ನೊಂದನ್ನು ಕೂರಿಸೋಣವೇ? ಸಾಧ್ಯವೇ ಇಲ್ಲ! ಯಾವ ಸಂಖ್ಯೆಗಳನ್ನು ತಂದರೂ ಸರಿಯಾಗಿ ಎರಡೇ ಸೊನ್ನೆಯ 3×3 ಲಂಬ ಮಾತೃಕೆ ಹುಟ್ಟುವುದಿಲ್ಲ. ಮೂರು? ಇಲ್ಲ. ನಾಲ್ಕು? ಉಂಟು! ಐದು? ಇಲ್ಲ. ಆರು? ಉಂಟು! ಎರಡು ಏಕಿಲ್ಲ? ಸೊನ್ನೆಗಳು ಬೇರೆ ಬೇರೆ ಸಾಲು, ಕಂಬಗಳಲ್ಲಿ ಕೂತರೆ ಆ ಎರಡು ಸಾಲುಗಳ ಸೊನ್ನೆಯಲ್ಲದ ಸಂಖ್ಯೆಗಳು ಒಂದೇ ಒಂದು ಕಂಬದಲ್ಲಿ ಸಂಧಿಸುತ್ತವೆ; ಆಗ ಅಲ್ಲಿನ ಗುಣಲಬ್ಧವನ್ನು ಅಳಿಸಲು ಇನ್ನೊಂದು ಇರುವುದಿಲ್ಲ. ಮೊತ್ತ ಸೊನ್ನೆಯಾಗುವುದಾದರೂ ಹೇಗೆ? ಎರಡೂ ಸೊನ್ನೆ ಒಂದೇ ಸಾಲಿಗೆ ಬಿದ್ದವೋ, ಅಲ್ಲಿ ಉಳಿದ ಒಂಟಿ ಸಂಖ್ಯೆ ತನ್ನ ಕಂಬದ ಮಿಕ್ಕ ಮನೆಗಳನ್ನೂ ಖಾಲಿ ಮಾಡಿಸುತ್ತದೆ, ಸೊನ್ನೆಗಳು ನಾಲ್ಕಾಗುತ್ತವೆ! ಸಂಖ್ಯೆಗಳ ಬೆಲೆಯನ್ನೇ ಕೇಳದೆ, ಸೊನ್ನೆಗಳ ಜಾಗ ನೋಡಿಯೇ ಕೊಟ್ಟ ತೀರ್ಪಿದು. ಕ್ವಾಂಟಮ್ ಲೋಕದಲ್ಲಿ ಲಂಬ ಮಾತೃಕೆಯ ಜಾಗ ಹಿಡಿಯುವ ಯುನಿಟರಿ ಮಾತೃಕೆಗಳೂ, ಸಂಕೀರ್ಣ ಸಂಖ್ಯೆಗಳಿಂದಾದರೂ, ಇದಕ್ಕೆ ತಲೆಬಾಗಲೇಬೇಕು.

ದೊಡ್ಡ ಚೌಕಗಳಲ್ಲಿ? ಸಾಲು, ಕಂಬಗಳನ್ನು ಹೇಗೆ ಅದಲುಬದಲು ಮಾಡಿದರೂ ತುಂಡುಗಳಾಗಿ ಬೇರ್ಪಡದ ಲಂಬ ಮಾತೃಕೆಯಲ್ಲಿ ಸೊನ್ನೆಗಳು ಹೆಚ್ಚೆಂದರೆ ಎಷ್ಟಿರಬಹುದು? ಚೆಕ್ ಗಣಿತಜ್ಞ ಮಿರೊಸ್ಲಾವ್ ಫೀಡ್ಲರ್ ಎತ್ತಿದ ಈ ಪ್ರಶ್ನೆಗೆ ಬೀಸ್ಲಿ, ಬ್ರುವಾಲ್ಡಿ, ಶೇಡರ್ ಉತ್ತರ ಕೊಟ್ಟರು. ಅವರ ಪ್ರಬಂಧ 1993ರಲ್ಲಿ ಪ್ರಕಟವಾಯಿತು. ಸಾಲುಗಳ ಸಂಖ್ಯೆಯಿಂದ ಎರಡು ಕಳೆದು ವರ್ಗ ಮಾಡಿ, ಅಷ್ಟೇ! ಮೂರು ಸಾಲಿಗೆ 1, ನಾಲ್ಕಕ್ಕೆ 4, ಐದಕ್ಕೆ 9. ನೂರು ಸಾಲಿನ ಹತ್ತು ಸಾವಿರ ಮನೆಗಳಲ್ಲಿ 9,604! ಉಳಿದ 396 ಸಂಖ್ಯೆಗಳೇ ಇಡೀ ಚೌಕವನ್ನು ಒಂದಾಗಿ ಹಿಡಿದಿಡುತ್ತವೆ. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದು: ಆ ಗಡಿ ಮುಟ್ಟಲು ವರ್ಗಮೂಲಗಳ ಗೊಡವೆಯೇ ಬೇಡ. ಶಾಲೆಯ 3-4-5 ತ್ರಿಕೋನದಿಂದ ಬರುವ 3/5, 4/5ರ ತಿರುವುಗಳನ್ನು ಒಂದರ ಮೇಲೊಂದು ಹೂಡಿದರೆ ಸಾಕು!

ಹಾಗಾದರೆ ಜಾಗ ನೋಡಿ ಎಲ್ಲವನ್ನೂ ಹೇಳಿಬಿಡಬಹುದೇ? ಎರಡೆರಡು ಸಾಲುಗಳ ನಿಯಮವನ್ನು ಹಲವು ಸಾಲುಗಳಿಗೆ ವಿಸ್ತರಿಸಿ ಇನ್ನಷ್ಟು ಬಿಗಿ ಮಾಡಿದ ಪರೀಕ್ಷೆಯೊಂದಿದೆ. 2008ರಲ್ಲಿ ಸಂಶೋಧಕರಾದ ಸೆವೆರಿನಿ ಮತ್ತು ಸೊಲ್ಲೋಶಿ ಅದನ್ನು ಒರೆಗೆ ಹಚ್ಚಿದರು. ನಾಲ್ಕು ಸಾಲಿನವರೆಗೆ ಅದು ತಪ್ಪುವುದಿಲ್ಲ. ಐದನೆಯದಕ್ಕೆ ಬಂದೊಡನೆ, ಪರೀಕ್ಷೆ ಗೆದ್ದರೂ ಯಾವ ಯುನಿಟರಿ ಮಾತೃಕೆಗೂ ಒಗ್ಗದ ವಿನ್ಯಾಸಗಳು ತಲೆಯೆತ್ತುತ್ತವೆ!

ನಾಲ್ಕು ಸಾಲಿನ ಚೌಕ ನಿಮ್ಮ ಕೈಗೆಟುಕುವಂಥದ್ದೇ. ತುಂಡಾಗದಂತೆ ನಾಲ್ಕು ಸೊನ್ನೆ ಎಲ್ಲಿ ಕೂರುತ್ತವೆ, ಪೆನ್ಸಿಲ್ ಹಿಡಿದು ಹುಡುಕಿ ನೋಡಿ.