ವೈರ್ ಕೂತರೂ ಚಿತ್ರ ಬರಲಿಲ್ಲವೇಕೆ?

ಹುಮನಾಬಾದಿನಲ್ಲಿ ಸಂಜೆ ಏಳರ ಮೇಲೆ ಮನೆಯ ಟಿವಿ ಧಾರಾವಾಹಿಗೆ ಮೀಸಲು. ಪ್ಲೇಸ್ಟೇಷನ್ ಇಟ್ಟುಕೊಂಡ ಹುಡುಗನ ಕಣ್ಣು ಆಗ ಮೂಲೆಯಲ್ಲಿ ದೂಳು ತಿನ್ನುತ್ತಿರುವ ಕಂಪ್ಯೂಟರ್ ಮಾನಿಟರ್ ಮೇಲೆ ಬೀಳುತ್ತದೆ. ಅದೂ ಇಲ್ಲದಿದ್ದರೆ ಹೆದ್ದಾರಿ 65 ಹಿಡಿದು ಹೈದರಾಬಾದ್ ಕಡೆ ಹೊರಟವರಿದ್ದೇ ಇರುತ್ತಾರೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಹಳೇ ಮಾನಿಟರಿಗೇನು ಬರವಿಲ್ಲ. ಟ್ಯೂನರ್ ಇಲ್ಲದ ಟಿವಿಯೇ ತಾನೆ, ವೈರ್ ಸಿಕ್ಕಿಸಿದರಾಯಿತು ಎಂಬ ಲೆಕ್ಕಾಚಾರ ಅರ್ಧ ಸರಿ.

ತಪ್ಪಾದ ಅರ್ಧ ತೊಂಬತ್ತರ ದಶಕದ ಟಿವಿ ಗೇಮಿನಲ್ಲಿ ಚೆನ್ನಾಗಿ ಕಾಣುತ್ತದೆ. ಕ್ಯಾಸೆಟ್ ಹಾಕಿ ಮಾರಿಯೋ ಆಡುತ್ತಿದ್ದೆವಲ್ಲ, ಆ ಡಬ್ಬಿಗಳು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲುಗಳು. ಅವು ಚಿತ್ರ ಕಳಿಸುತ್ತಿದ್ದದ್ದು ಟಿವಿಯ ವೇಗಕ್ಕೆ. ನಮ್ಮ ಹಳೇ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು, ಚಿತ್ರಕ್ಕೆ 625 ಗೆರೆ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. 1987ರಲ್ಲಿ ಬಂದ ವಿಜಿಎ ಮಾನಿಟರ್ ಸೆಕೆಂಡಿಗೆ 60 ಸಲ, ಸಲಕ್ಕೆ 525 ಗೆರೆ ಎಳೆಯುತ್ತದೆ: 31,500. ಹೆಚ್ಚುಕಡಿಮೆ ದುಪ್ಪಟ್ಟು. ಪಿನ್ನು ಹೇಗೇ ಕೂಡಿಸಿದರೂ ಈ ವೇಗಗಳು ಹೊಂದುವುದಿಲ್ಲ. ನಡುವೆ ಒಂದು ಡಬ್ಬಿ ಕೂತು, ಬಂದ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು ಹೊಸ ವೇಗದಲ್ಲಿ ಮತ್ತೆ ಬಿಡಬೇಕು.

ಇಂದಿನ ಕನ್ಸೋಲ್ ಹೀಗೆ ಕುರುಡಾಗಿ ಚಿತ್ರ ಕಳಿಸುವುದಿಲ್ಲ, ಮೊದಲು ವಿಚಾರಿಸುತ್ತದೆ. ಎಚ್‌ಡಿಎಂಐ ವೈರಿನ 19 ಪಿನ್ನುಗಳಲ್ಲಿ 18ನೆಯದರಲ್ಲಿ ಕನ್ಸೋಲ್ 5 ವೋಲ್ಟ್ ಬಿಡುತ್ತದೆ. ಮಾನಿಟರ್ 19ನೆಯದರಲ್ಲಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಕನ್ಸೋಲ್ ಮಾನಿಟರಿನೊಳಗಿನ ಪುಟ್ಟ ಚಿಪ್ಪನ್ನು ಓದುತ್ತದೆ. ಮೂಲ ಮಾಹಿತಿ ಬರೀ 128 ಬೈಟ್: ಯಾರ ತಯಾರಿಕೆ, ಅಗಲ ಎಷ್ಟು, ಎಷ್ಟು ಚುಕ್ಕೆ, ಸೆಕೆಂಡಿಗೆ ಎಷ್ಟು ಸಲ. ಈ ಚಿಪ್ಪಿಗೆ ಕನ್ಸೋಲ್ ಕೊಟ್ಟ ಆ 5 ವೋಲ್ಟೇ ಸಾಕು; ಹಾಗಾಗಿ ಮಾನಿಟರಿನ ಸ್ವಿಚ್ ಆಫ್ ಇದ್ದರೂ ಸಾಮಾನ್ಯವಾಗಿ ಅದು ಉತ್ತರ ಕೊಡುತ್ತದೆ. ನನಗಂತೂ ಇಡೀ ವ್ಯವಸ್ಥೆಯಲ್ಲಿ ಇಷ್ಟವಾದ ಜಾಣತನ ಇದೇ.

ಮಾನಿಟರಿಗೆ ನೀಲಿ ಬಣ್ಣದ 15 ಪಿನ್ನಿನ ವಿಜಿಎ ಮಾತ್ರ ಇದ್ದರೆ ಪರಿವರ್ತಕ ಬೇಕು. ಅಂಕಿಗಳಾಗಿ ಬಂದದ್ದನ್ನು ಏರಿಳಿಯುವ ವೋಲ್ಟೇಜಾಗಿ ಮಾಡುವುದು ಅದರೊಳಗಿನ ಚಿಪ್. ಕೊಳ್ಳುವಾಗ ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂದೇ ಕೇಳಿ. ಉಲ್ಟಾ ಕಡೆಯದು ಇಲ್ಲಿ ನಡೆಯದು. ಇಷ್ಟಾದರೂ ಪ್ಲೇಸ್ಟೇಷನ್ 4 (ಪಿಎಸ್4) ಕಪ್ಪು ಪರದೆ ತೋರಿಸಬಹುದು. ಸಿನಿಮಾ ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗಕ್ಕೆ ಅಗ್ಗದ ಪರಿವರ್ತಕಗಳಲ್ಲಿ ಅನೇಕವು ಜವಾಬು ಕೊಡಲಾರವು. ಬೀಗ ತೆಗೆಯುವ ಆಯ್ಕೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿದೆ, ಆದರೆ ಸೆಟ್ಟಿಂಗ್ಸ್ ಕಾಣಲು ಪರದೆ ಬೇಕಲ್ಲ! ಜಾಹೀರಾತಿನ ಹೊತ್ತಿಗೆ ಟಿವಿ ಕಡ ಕೇಳಿ ಆ ಕೆಲಸ ಮುಗಿಸಿಕೊಳ್ಳುವುದೇ ದಾರಿ.

ಕಷ್ಟಪಟ್ಟದ್ದಕ್ಕೆ ಲಾಭವೂ ಉಂಟು. ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ ಗುಂಡಿ ಒತ್ತಿದ್ದಕ್ಕೂ ಆಟಗಾರ ಜಿಗಿದದ್ದಕ್ಕೂ ನಡುವೆ ತುಸು ತಡ. ಮಾನಿಟರ್ ಈ ಅಲಂಕಾರಕ್ಕೆ ಅಷ್ಟಾಗಿ ಕೈಹಾಕುವುದಿಲ್ಲ.

ಉಳಿದದ್ದು ಶಬ್ದ. ವಿಜಿಎ ವೈರಿನಲ್ಲಿ ಶಬ್ದ ಹರಿಯುವುದೇ ಇಲ್ಲ, ಎಷ್ಟೋ ಮಾನಿಟರುಗಳಲ್ಲಿ ಸ್ಪೀಕರೂ ಇಲ್ಲ. ಪಿಎಸ್4 ಕಂಟ್ರೋಲರಿನ ತೂತಿಗೆ ಮೊಬೈಲಿನ ಇಯರ್‌ಫೋನ್ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಚಾಟ್ ಆಡಿಯೋ’ ಇದ್ದದ್ದನ್ನು ‘ಆಲ್ ಆಡಿಯೋ’ ಮಾಡಿ. ಹಾಗೆ ಬದಲಿಸದಿದ್ದರೆ ಗೆಳೆಯರ ಮಾತು ಮಾತ್ರ ಕೇಳಿಸುತ್ತದೆ, ಆಟದ ಸದ್ದು ಬರುವುದಿಲ್ಲ.